ಪೆಟ್ಟಿಗೆಯ ಉಸಿರು

ಸುಸ್... ಹಾಡಿನ ಪ್ರತಿ ಗುದ್ದಿನ ಬೆನ್ನಿಗೂ ಒಂದು ಸಣ್ಣ ಉಸಿರು. ನಡುರಾತ್ರಿ, ಬೆಳುವಾಯಿಯ ಮನೆಯಂಗಳದಲ್ಲಿ ಗಿರಾಕಿಯ ಕಾರಿನ ಡಿಕ್ಕಿ ತೆರೆದಿಟ್ಟು ಶೋಧನ್ ಮಂಡೆ ತುರಿಸುತ್ತಿದ್ದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸುರಕ್ಷಾಳಿಗೂ ಅದು ಕೇಳಿಸಿತು.

"ನಿನ್ನ ಲೆಕ್ಕ ಎಲ್ಲೋ ತಪ್ಪಿದೆ ಮಾರಾಯ್ತಿ. ಇನ್ನು ಮೊದಲಿನ ಹಾಗೆ ಮೊಬೈಲಲ್ಲಿ ಸಿಗುವ ಅಳತೆಯೇ ಸಾಕು," ಎಂದ ಶೋಧನ್.

ಕಾರಿನ ಹಾಡಿಗೆ ಗುದ್ದು ಕೊಡುವ ಸಬ್‌ವೂಫರ್ ಸ್ಪೀಕರಿಗೆ ಅವನು ಮಾಡಿದ ಪೆಟ್ಟಿಗೆಗಳಲ್ಲಿ ಇದೊಂದರ ನಕ್ಷೆ ಮಾತ್ರ ಅವಳದ್ದು. ಡಿಕ್ಕಿಯ ಮೂಲೆಗೆ ಕೂರುವ ಓರೆ ಪೆಟ್ಟಿಗೆ, ಗಾಳಿ ಸೋರದಂತೆ ಎಲ್ಲ ಕಡೆಯೂ ಮುಚ್ಚಿದ್ದು. ಒಳಗೆ ಎಷ್ಟು ಗಾಳಿ ಹಿಡಿಯುತ್ತದೆಂದು ಸೇರಿನಿಂದ ಅಕ್ಕಿ ಸುರಿದು ಅಳೆದಿದ್ದಳು. ಸ್ಪೀಕರಿನ ಆಯಸ್ಕಾಂತ ನುಂಗುವ ಜಾಗವನ್ನೂ ಕಳೆದಿದ್ದಳು. ಇನ್ನೊಂದು ನಕ್ಷೆ ಬರೆಯಲು ಅವನು ಬಿಡುತ್ತಾನೋ ಇಲ್ಲವೋ, ಅದು ಈಗ ಆ ಉಸಿರಿನ ಕೈಯಲ್ಲಿತ್ತು.

ಬೆಳಿಗ್ಗೆ ಶೋಧನ್ ಆ ಪೆಟ್ಟಿಗೆಗೆ ಹೊಂದುವ ಬೇರೆ ಸ್ಪೀಕರ್ ಹುಡುಕಿಕೊಂಡು ಮೂಡುಬಿದಿರೆಗೆ ಹೋದ. ಅವಳು ಹಾಡು ಹಾಕಿ, ಊದುಬತ್ತಿ ಹಚ್ಚಿ ಪೆಟ್ಟಿಗೆಯ ಅಂಚಿನುದ್ದಕ್ಕೂ ಸರಿಸಿದಳು.

"ಕಾರಿಗೂ ಪೂಜೆಯಾ?" ಅಂಗಳ ಗುಡಿಸುತ್ತಿದ್ದ ಅತ್ತೆ ವಿನೋದಾ ಕೇಳಿದರು.

"ಗಾಳಿ ಎಲ್ಲಿಂದ ಹೋಗ್ತದೆ ಅಂತ ನೋಡ್ತಿದ್ದೇನೆ ಮಾಮಿ."

"ಕಿವಿ ಒಡೆಯುವ ಶಬ್ದಕ್ಕೆ ಊದುಬತ್ತಿ ಬೇರೆ ಕೇಡು!"

ನೆಟ್ಟಗೆ ಏರುತ್ತಿದ್ದ ಹೊಗೆ ಹಿಂದಿನ ಕೆಳಮೂಲೆಯಲ್ಲಿ ಯಾರೋ ಊದಿದಂತೆ ಬಾಗಿತು. ಅಲ್ಲಿ ಪೆಟ್ಟಿಗೆಗೆ ಹೊದೆಸಿದ್ದ ಬಟ್ಟೆಯನ್ನು ಎಬ್ಬಿಸಿದಳು. ಅವಳ ನಕ್ಷೆಯಲ್ಲಿಲ್ಲದ ಒಂದು ತೂತು. ಶೋಧನ್ ವಯರಿಗೆಂದು ತಪ್ಪು ಜಾಗದಲ್ಲಿ ಕೊರೆದು, ಮರದ ಹುಡಿ ಮತ್ತು ಅಂಟು ತುಂಬಿ, ಮೇಲೆ ಅಂದವಾಗಿ ಬಟ್ಟೆ ಎಳೆದಿದ್ದ. ಅಂಟು ಒಣಗಿ ಬಿರಿದಿತ್ತು. ರಾತ್ರಿ ಲೆಕ್ಕದ ಮಾತೆತ್ತಿದಾಗ ಅವನಿಗೆ ಇದು ನೆನಪಿತ್ತೇ?

ಸಿಟ್ಟು ಬರಬೇಕಿತ್ತು. ಅವಳು ತೂತಿನ ಮೇಲೆ ಬೆರಳಿಟ್ಟಳು. ಗಾಳಿ ಬೆರಳನ್ನು ತಳ್ಳಿತು. ಒತ್ತಿ ಹಿಡಿದಾಗ ಗುದ್ದು ಗಟ್ಟಿಯಾಯಿತು.

"ಮಾಮಿ, ಹಲಸಿನ ಮೇಣ ಉಂಟಾ?"

"ತೂತುಬಿದ್ದ ಕೊಡಪಾನಕ್ಕೆ ಹಾಕಿ ಮಿಕ್ಕಿದ್ದು ಕೋಲಿಗೆ ಸುತ್ತಿಟ್ಟಿದ್ದೇನೆ. ಯಾಕೆ?"

"ಸ್ವಲ್ಪ ಬೇಕಿತ್ತು."

ಮೇಣವನ್ನು ಒಲೆಗೆ ಹಿಡಿದು ಕರಗಿಸಿ, ತೂತಿಗೆ ಒತ್ತಿ, ಬಟ್ಟೆಯನ್ನು ಮೊದಲಿನಂತೆ ಅಂಟಿಸಿದಳು.

ಶೋಧನ್ ಬರಿಗೈಯಲ್ಲಿ ಮರಳುವಷ್ಟರಲ್ಲಿ ಕಾರಿನ ಯಜಮಾನ, ಮುಂಡಾಜೆಯ ಲೋಕನಾಥ ಬಂದು ಕೂತಿದ್ದ. ಶೋಧನ್ ಅಳುಕುತ್ತಲೇ ಹಾಡು ಹಾಕಿದ. ಗುದ್ದು ಬಂತು. ಅದರ ಬೆನ್ನಿಗೆ ಏನೂ ಬರಲಿಲ್ಲ.

"ಎಂಥ ಮಾರಾಯ ಇದು, ಎದೆಯೊಳಗೇ ಬಡಿದ ಹಾಗೆ ಆಗ್ತದೆ! ಯಾರ ಅಳತೆ?"

"ಇವಳದ್ದು," ಎಂದ ಶೋಧನ್. "ಅಕ್ಕಿ ಸುರಿದು ಅಳೆದದ್ದು. ನಾನು ಹಲಗೆ ಕೊಯ್ದದ್ದು ಮಾತ್ರ."

"ಹಾಗಾದ್ರೆ ನಮ್ಮ ಭಾವನ ಜೀಪಿಗೂ ಅವರೇ ಅಳತೆ ತೆಗೀಲಿ."

ಕಾರು ತಿರುವು ದಾಟಿದ ಮೇಲೂ ಗುದ್ದು ಕೇಳುತ್ತಿತ್ತು. ಶೋಧನ್ ರಸ್ತೆಯನ್ನೇ ನೋಡುತ್ತ ಕೇಳಿದ: "ರಾತ್ರಿಯ ಆ ಶಬ್ದ ಎಲ್ಲಿ ಹೋಯ್ತು?"

"ಗೊತ್ತಿಲ್ಲ," ಎಂದಳು. "ಜೀಪಿನ ಅಳತೆಗೆ ಯಾವಾಗ ಹೋಗುವ?"

ತೂತಿನ ವಿಷಯ ಅವನಿಗಾಗಲಿ ಮಾಮಿಗಾಗಲಿ ಹೇಳುವುದಿಲ್ಲವೆಂದು ಆಗಲೇ ತೀರ್ಮಾನಿಸಿಯಾಗಿತ್ತು. ಒಳಗೆ ಹೋಗಿ ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು, ಬೆರಳ ಸಂದಿಯ ಮೇಣವನ್ನು ಮೆಲ್ಲಗೆ ಬಿಡಿಸತೊಡಗಿದಳು.