ಕೈ ಮೇಲೆ, ಉಸಿರು ಬಂದ್

ನಮ್ಮ ಯಜಮಾನರು ಬದುಕಿನ ಮುಕ್ಕಾಲು ಪಾಲನ್ನು ಕೈ ಮೇಲೆತ್ತಿಕೊಂಡೇ ಕಳೆದವರು. ದೇವರಿಗೆ ಮುಗಿಯುವುದಕ್ಕಲ್ಲ, ಕಂಡವರ ಮನೆಯ ಸೀಲಿಂಗಿಗೆ ಪ್ಲಾಸ್ಟರ್ ಬಳಿಯುವುದಕ್ಕೆ. ಎಷ್ಟೋ ಮನೆಗಳ ನೆತ್ತಿಯ ಮೇಲೆ ಇವರು ಹೂವು, ಬಳ್ಳಿ, ಅಂಚು ಬಿಡಿಸಿದ್ದಾರೆ. ನಮ್ಮ ಬಾಡಿಗೆ ಮನೆಯ ಸೀಲಿಂಗ್ ಮಾತ್ರ ಇವತ್ತಿಗೂ ಬೋಳು. ಊರೆಲ್ಲ ಇವರನ್ನು ಮೇಸ್ತ್ರಿ ಎನ್ನುತ್ತದೆ. ಸಿಟ್ಟು ಬಂದಾಗ ನಾನೂ ಹಾಗೇ ಕರೆಯುತ್ತೇನೆ, ಅಂದರೆ ಹೆಚ್ಚುಕಡಿಮೆ ದಿನವೂ. ನಮಗಿರುವ ಒಬ್ಬನೇ ಮಗನೂ ಅದೇ ಕೆಲಸಕ್ಕೆ ಹೋದ. ಮೀಸೆ ಬಲಿತು ಎಷ್ಟು ಕಾಲವಾದರೂ ಅವನು ಎಲ್ಲರಿಗೂ ಮರಿ ಮೇಸ್ತ್ರಿ.

ಒಣಗಿದ ಪ್ಲಾಸ್ಟರನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡುವಾಗ ಪುಡಿಯೆಲ್ಲ ಮುಖದ ಮೇಲೇ ಉದುರುತ್ತದೆ. ಮುಖಕ್ಕೆ ಬಟ್ಟೆ ಕಟ್ಟಿದರೆ ಬೆವರಿಗೆ ಜಾರುತ್ತದೆ, ಕಣ್ಣಿಗೆ ಬರುತ್ತದೆ. ಅದಕ್ಕೆ ಈ ಕೆಲಸದವರು ಕಂಡುಕೊಂಡ ಉಪಾಯವೆಂದರೆ, ಕೈ ಮೇಲೆ ಹೋದಾಗ ಉಸಿರನ್ನೇ ಕಟ್ಟಿಬಿಡುವುದು. ಕೈ ಇಳಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಆಮೇಲೆ ಉಸಿರು. ಮಗನಿಗೆ ಇವರು ಕಲಿಸಿದ ಮೊದಲ ಪಾಠವೇ ಅದು. ಅವನ ಎದೆಯ ಮೇಲೆ ಅಂಗೈ ಇಟ್ಟು, ಅದು ಅಲ್ಲಾಡದಂತೆ ನೋಡಿಕೊಳ್ಳುತ್ತ, "ಕೈ ಮೇಲೆ, ಉಸಿರು ಬಂದ್! ಕೈ ಕೆಳಗೆ, ಉಸಿರು!" ಎಂದು ಹೇಳಿಕೊಡುತ್ತಿದ್ದರು. ಅವರ ಜೊತೆ ಕೆಲಸಕ್ಕೆ ಹೋಗಿ ಕೆಳಗೆ ಪ್ಲಾಸ್ಟರ್ ಪುಡಿ ಕಲಸುತ್ತ ಕೂತ ನನಗೆ ಅಪ್ಪ ಮಗನ ಆ ಆಟ ಚೆಂದ ಕಾಣುತ್ತಿತ್ತು.

ಉಪಾಯ ಫಲಿಸಲಿಲ್ಲ. ಕಟ್ಟಿದ ಉಸಿರನ್ನು ಆಮೇಲೆ ಎಳೆದುಕೊಳ್ಳಲೇಬೇಕಲ್ಲ, ಆಗ ಗಾಳಿಯಲ್ಲಿದ್ದ ಧೂಳೆಲ್ಲ ಒಟ್ಟಿಗೇ ಒಳಗೆ ಹೋಗುತ್ತಿತ್ತು. ಇವರ ಶ್ವಾಸಕೋಶ ಹಾಳಾಗಿದೆ, ಹಾಳಾದದ್ದು ಮತ್ತೆ ಬರುವುದಿಲ್ಲ ಎಂದರು ಡಾಕ್ಟರು. ಮೆಲ್ಲಗೆ ನಡೆದರೆ ಬೀದಿಯ ಕೊನೆಯವರೆಗೆ ಹೋಗಿ ಬರುತ್ತಿದ್ದರು. ಆದರೆ ಅಂಗಿ ಹಾಕಿಕೊಳ್ಳಲು, ತಲೆ ಬಾಚಲು ಕೈ ಎತ್ತಿದರೆ ಸಾಕು, ತುಟಿ ನೀಲಿಯಾಗುತ್ತಿತ್ತು. ತಲೆಗೆ ನೀರು ಹಾಕುವವಳು ನಾನೇ ಆದೆ. ಬಚ್ಚಲಲ್ಲಿ ಕಲ್ಲಿನ ಹಾಗೆ ಕೂತಿರುತ್ತಿದ್ದರು, ಒಂದು ಮಾತಿಲ್ಲ. ನನಗೆ ಅಳು ಬರುತ್ತಿತ್ತು, ಅಳುವ ಬದಲು ಬೈಯುತ್ತಿದ್ದೆ.

ಆಗಲೇ ನನಗೆ ಇನ್ನೊಂದು ಕೆಮ್ಮು ಕೇಳಿಸತೊಡಗಿದ್ದು. ಗೋಡೆಯ ಆಚೆಯಿಂದ, ಮಗನ ಕೋಣೆಯಿಂದ.

"ಧೂಳಿನ ಕೆಮ್ಮು ಕಣಮ್ಮಾ, ಎಲ್ರಿಗೂ ಇರುತ್ತೆ" ಎಂದ ಅವನು.

"ನಿಮ್ಮಪ್ಪನೂ ಇದೇ ಮಾತು ಹೇಳಿದ್ರು."

ಅವತ್ತು ಇವರು ಬಾಯಿ ಬಿಟ್ಟರು. "ಆ ಕೆಲ್ಸ ಬಿಟ್ಬಿಡೋ. ಬೇರೆ ಏನಾದ್ರೂ ಕಲಿ."

"ಕಲಿಯೋವರೆಗೂ ಮನೆ ನಡಿಸೋರು ಯಾರಪ್ಪಾ? ನೀನಾ?" ಎಂದುಬಿಟ್ಟ ಮಗ. ಅಂದಮೇಲೆ ನಾಚಿಕೆಯಾಯಿತೇನೋ, ದನಿ ತಗ್ಗಿಸಿದ. "ಆ ಪೇಂಟ್ ಅಂಗಡಿಯವರು ನಿನ್ನನ್ನ ಕೆಲಸಕ್ಕೆ ಕರೀತಾನೇ ಇದಾರಲ್ಲ. ನೀನು ಅಲ್ಲಿಗೆ ಹೋಗೋ ಹಾಗಾದ ದಿನ ನಾನು ಏಣಿ ಇಳೀತೀನಿ. ಮಾತು ಅಂದ್ರೆ ಮಾತು."

ಪೇಂಟ್ ಅಂಗಡಿಯ ಕೆಲಸ ಹಗುರದ್ದೇ. ಬಂದವರಿಗೆ ಬಣ್ಣ ಹೇಳುವುದು, ಕಪಾಟಿನಿಂದ ಡಬ್ಬ ಇಳಿಸಿ ಕೊಡುವುದು. ಆದರೆ ಕಪಾಟು ತಲೆಗಿಂತ ಎತ್ತರ. ತಲೆ ಬಾಚಲಾಗದವರು ಡಬ್ಬ ಹೇಗೆ ಇಳಿಸುವುದು?

ಹಾಗಾಗಿ, ಡಾಕ್ಟರು ಹೇಳಿದಾಗ ಬೇಡವೇ ಬೇಡ ಎಂದಿದ್ದ ಆಸ್ಪತ್ರೆಯ ಉಸಿರಾಟದ ಕಸರತ್ತಿಗೆ ಇವರು ತಾವಾಗಿಯೇ ಹೊರಟರು. ನಾನು ಹಿಂದೆ ಹೋದೆ.

ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ಉದ್ದನೆಯ ಕೋಣೆ. ಗೋಡೆಗೆ ತಾಗಿ ಕುರ್ಚಿಗಳು, ಮೂಲೆಯಲ್ಲಿ ಕೋಲುಗಳು, ಸಣ್ಣ ಮರಳಿನ ಚೀಲಗಳು, ಒಂದು ಕಪಾಟು. ಕೂತವರೆಲ್ಲ ಒಂದೇ ಥರ ಕೂತಿದ್ದರು: ಮುಂದಕ್ಕೆ ಬಾಗಿ, ಮೊಣಕೈಗಳನ್ನು ಮೊಣಕಾಲಿಗೆ ಊರಿಕೊಂಡು, ಹೆಗಲು ಕಿವಿಯ ಹತ್ತಿರ. ಸಾವಿನ ಮನೆಗೆ ಬಂದೆನೇ ಅನ್ನಿಸಿತು. ಒಲೆಯ ಹೊಗೆಯಲ್ಲಿ ವಯಸ್ಸು ಕಳೆದ ಒಬ್ಬ ಬೇಕರಿಯವರು ನನ್ನ ಮುಖ ನೋಡಿ, "ಹೀಗೆ ಕೂರೋದನ್ನ ಯಾರೂ ಹೇಳ್ಕೊಟ್ಟಿಲ್ಲಮ್ಮ" ಎಂದರು, ಮಾತಿನ ನಡುವೆ ಉಸಿರಿಗೆ ನಿಂತು. "ಕಾಯಿಲೆ ಬಂದ್ಮೇಲೆ... ತಾನಾಗೇ ಬರುತ್ತೆ."

ಕಸರತ್ತು ಮಾಡಿಸುವ ಮೇಡಂ ವಯಸ್ಸಿನಲ್ಲಿ ಚಿಕ್ಕವಳು, ಗಂಟಲು ಮಾತ್ರ ದೊಡ್ಡದು. "ನೋಡಿ ಮೇಸ್ತ್ರಿಗಳೇ, ನಿಮ್ಮ ಕುತ್ತಿಗೆ, ಹೆಗಲಿನ ಸ್ನಾಯುಗಳು ಈಗ ಉಸಿರಾಡೋಕೆ ದುಡೀತಿವೆ. ಕೈ ಎತ್ತಿದ್ರೆ ಅವೇ ಕೈಯನ್ನೂ ಹಿಡೀಬೇಕು. ಆಳು ಒಬ್ಬ, ಕೆಲಸ ಎರಡು. ಅದಕ್ಕೇ ಏದುಸಿರು. ಆಳನ್ನ ಗಟ್ಟಿ ಮಾಡೋಣ. ಕೋಲು ಎತ್ತುವಾಗ ಬಿಸಿ ಹಾಲು ಆರಿಸೋ ಹಾಗೆ ಬಾಯಿಂದ ಉಸಿರು ಬಿಡಿ. ಇಳಿಸುವಾಗ ಮೂಗಿಂದ ಎಳ್ಕೊಳ್ಳಿ."

ಇವರು ಕೋಲು ಎತ್ತಿದರು. ಗದ್ದ ಮೇಲಾಯಿತು, ಕಣ್ಣು ಅರೆ ಮುಚ್ಚಿತು, ಬಾಯಿ ಬಿಗಿಯಿತು, ಉಸಿರು ನಿಂತೇ ಹೋಯಿತು. ಇಳಿಸಿದಾಗ ಬಿದ್ದುಬಿಡುವಂತಿದ್ದರು.

"ಅಯ್ಯೋ, ಉಸಿರು ಕಟ್ಟಬೇಡಿ! ಬಿಡಿ ಅಂದೆ ತಾನೆ?"

ಮತ್ತೆ ಎತ್ತಿದರು, ಮತ್ತೆ ಕಟ್ಟಿದರು. ಉಳಿದವರು ಹೊಸ ಪಾಠ ಕಲಿತರೆ ಸಾಕಿತ್ತು. ಇವರು ಮೊದಲು ಹಳೆಯದನ್ನು ಮರೆಯಬೇಕಾಗಿತ್ತು. ಮೇಡಂಗೆ ಯಾಕೆಂದು ಅರ್ಥವಾಗಲಿಲ್ಲ. ನಾನೇ ಸೀಲಿಂಗಿನ ಕಥೆ ಹೇಳಿದೆ. ಆಕೆ "ಹಾಗಾದ್ರೆ ಮನೇಲಿ ನೀವೇ ಕೂಗಬೇಕಮ್ಮಾ" ಎಂದಳು.

ಕೂಗುವುದಕ್ಕೆ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅಂಗಿಗೆ ಕೈ ಹಾಕಿದರೆ "ಬಿಡಿ!", ಬಾಚಣಿಗೆ ಎತ್ತಿದರೆ "ಉಸಿರು ಬಿಡಿ ಮಾರಾಯ್ರೇ!" ದಿನಾ ಜಗಳ ಆಡುತ್ತೇವೆಂದು ಪಕ್ಕದ ಮನೆಯವಳು ಬಂದು ಸಮಾಧಾನ ಬೇರೆ ಹೇಳಿದಳು. ಇವರು ಬಿಟ್ಟೂಬಿಡದೆ ಮಾಡಿದರು. ಮೊದಲು ಬರಿಗೈ, ಆಮೇಲೆ ಕೋಲು, ಆಮೇಲೆ ಮರಳಿನ ಚೀಲ. ಗೋಡೆಯ ಆಚೆ ಮಗ ಕೆಮ್ಮಿದಾಗಲೆಲ್ಲ ಎದ್ದು ಮತ್ತೊಂದು ಸುತ್ತು ಮಾಡುತ್ತಿದ್ದರು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಚೊಂಬು ನನ್ನ ಕೈಯಿಂದ ಕಿತ್ತುಕೊಂಡು ತಾವೇ ತಲೆಗೆ ಸುರಿದುಕೊಂಡರು. "ಹೋಗೇ ಆಚೆ, ನಾಚಿಕೆ ಇಲ್ವಾ?" ಎಂದರು. ಆಚೆ ಬಂದು ಬಾಗಿಲಿಗೆ ಒರಗಿ ಅತ್ತೆ.

ಶ್ವಾಸಕೋಶ ಸರಿಹೋಗಿಲ್ಲ, ಕೈಗೆ ಬಲ ಬಂದಿದೆ ಅಷ್ಟೇ ಎಂದು ಮೇಡಂ ಸ್ಪಷ್ಟವಾಗಿ ಹೇಳಿದಳು. ಅಷ್ಟೇ ಸಾಕಾಗಿತ್ತು. ಮುಂದಿನ ವಾರದಿಂದ ಬನ್ನಿ ಎಂದರು ಪೇಂಟ್ ಅಂಗಡಿಯವರು. ಇವರು ಮಗನನ್ನು ಆಸ್ಪತ್ರೆಯ ಆ ಕೋಣೆಗೇ ಕರೆಸಿದರು. ಕಣ್ಣಾರೆ ನೋಡಲಿ, ಆಮೇಲೆ ಮಾತು ತಪ್ಪದಿರಲಿ ಎಂದು.

ಅವನು ಕೆಲಸದಿಂದ ನೇರವಾಗಿ ಬಂದ. ಹುಬ್ಬು, ಕಿವಿ ಎಲ್ಲ ಬೆಳ್ಳಗೆ. ಅವನ ಮುಂದೆ ಇವರು ಮರಳಿನ ಚೀಲ ಎತ್ತಿ, ಬಾಯಿಂದ ಉಸಿರು ಬಿಡುತ್ತ, ಕಪಾಟಿನ ಮೇಲಿಟ್ಟರು. ಇಳಿಸಿದರು. ಮತ್ತೆ ಇಟ್ಟು ಇಳಿಸಿದರು. ಬೇಕರಿಯವರು ಚಪ್ಪಾಳೆ ತಟ್ಟಿದರು.

"ಏನೋ? ಏಣಿ ಇಳೀತೀಯಾ ಇಲ್ವಾ?"

"ಇಳಿದೆ ಕಣಪ್ಪಾ, ಇಳಿದೆ!" ಮಗ ನಗುತ್ತ ಎರಡೂ ಕೈ ಜೋಡಿಸಿದ. ಅಷ್ಟು ಸಂತೋಷ ಅಪ್ಪ ಮಗನ ಮುಖದಲ್ಲಿ ನಾನು ಕಂಡು ಕಾಲವಾಗಿತ್ತು. ಅದೇ ಖುಷಿಯಲ್ಲಿ ಅವನು ಮೂಲೆಯಿಂದ ಒಂದು ಕೋಲು ತೆಗೆದುಕೊಂಡ. "ಇದೇನಾ ನಿನ್ನ ದೊಡ್ಡ ವಿದ್ಯೆ? ನಾನೂ ಮಾಡ್ತೀನಿ ನೋಡು."

ಎತ್ತಿದ. ಗದ್ದ ಮೇಲೆ, ಕಣ್ಣು ಅರೆ, ಬಾಯಿ ಬಿಗಿ. ಎದೆ ಅಲ್ಲಾಡಲಿಲ್ಲ. ಬೇಕರಿಯವರು ನಕ್ಕರು, ನಾನೂ ನಕ್ಕೆ. ಇಳಿಸಿ ಮತ್ತೆ ಎತ್ತಿದ. ಮೂರನೆಯ ಸಲ ಕೋಲು ಹೆಗಲಿನವರೆಗೆ ಬಂದು ನಿಂತಿತು, ಆಮೇಲೆ ಕೈಯಿಂದ ಜಾರಿತು. ಕೆಮ್ಮು ಹಿಡಿಯಿತು. ಬಿಡಲಿಲ್ಲ. ಹಿಂದೆ ಸರಿಯುತ್ತ ಹೋಗಿ ಅಪ್ಪನ ಕುರ್ಚಿಯಲ್ಲಿ ಕುಸಿದ. ಮುಂದಕ್ಕೆ ಬಾಗಿದ. ಮೊಣಕೈಗಳನ್ನು ಮೊಣಕಾಲಿಗೆ ಊರಿದ. ಹೆಗಲು ಕಿವಿಯ ಹತ್ತಿರ ಬಂತು.

ಅಲ್ಲಿದ್ದವರಿಗೆಲ್ಲ ಆ ಕೂರುವ ರೀತಿ ಗೊತ್ತಿತ್ತು.

ಮೇಡಂ ಓಡಿಬಂದು ಅವನ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಸಿಕ್ಕಿಸಿದಳು. ಅದನ್ನು ನೋಡಿದವಳ ಮುಖ ನೋಡಿದೆ, ಆಮೇಲೆ ಏನನ್ನೂ ಕೇಳಲಿಲ್ಲ. ನನಗೆ ಯಾರನ್ನಾದರೂ ಹೊಡೆಯಬೇಕು ಅನ್ನಿಸಿತು. ಹೊಡೆಯಲು ಯಾರೂ ಸಿಗಲಿಲ್ಲ.

ಇವರು ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು, ಮೊಣಕಾಲೂರಿ ಮಗನ ಎದುರು ಕೂತರು. ಹಿಂದೆ ಇಡುತ್ತಿದ್ದ ಜಾಗದಲ್ಲೇ, ಅವನ ಎದೆಯ ಮೇಲೆ ಅಂಗೈ ಇಟ್ಟರು.

"ಬಿಡೋ" ಎಂದರು. "ಉಸಿರು ಬಿಡೋ ಮಗನೇ. ಕಟ್ಟಬೇಡ. ನಾನು ಹೇಳ್ಕೊಟ್ಟಿದ್ದು ತಪ್ಪು ಕಣೋ, ಬಿಡು."

ಮಗ ಬಿಡಲು ನೋಡಿದ. ಆಗಲಿಲ್ಲ. ಇವರು ಅಂಗೈ ತೆಗೆಯದೆ, ಬಿಸಿ ಹಾಲು ಆರಿಸುವ ಹಾಗೆ ತಾವೇ ಊದಿ ತೋರಿಸುತ್ತ ಕೂತರು.