ಖಾಲಿ ಬಿಡುವಂತಿಲ್ಲದ ಖಾನೆ

ಗ್ಯಾನಮ್ಮ ಎಂಟರ್ ಒತ್ತಿದಳು. ಕಂಪ್ಯೂಟರ್ ಕುಂಯ್ ಎಂದಿತು. ಮತ್ತೆ ಒತ್ತಿದಳು, ಮತ್ತೆ ಕುಂಯ್. ಪರದೆಯ ಮೇಲೆ ಮಿಣಮಿಣ ಎನ್ನುವ ಗೆರೆ ‘ತಂದೆಯ ಹೆಸರು’ ಎಂಬ ಖಾನೆ ಬಿಟ್ಟು ಕದಲಲಿಲ್ಲ. ಈ ಖಾನೆಯನ್ನು ಖಾಲಿ ಬಿಡುವಂತಿಲ್ಲ ಎಂದು ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಪಕ್ಕದ ಯಂತ್ರದ ಮುಂದಿದ್ದ ಗುಲ್ಷನ್‌ಬೀ ಮೊದಲು ತಿರುಗಿ ನೋಡಿದಳು, ಆಮೇಲೆ ಇಡೀ ಕೋಣೆ ತಿರುಗಿತು.

ಅದು ತೊಂಬತ್ತೈದನೇ ಇಸವಿ. ಸಿಂಧನೂರಿನ ಬಸ್‌ಸ್ಟ್ಯಾಂಡಿನ ಎದುರು, ತನ್ನ ಬೀಜ ಗೊಬ್ಬರದ ಅಂಗಡಿಯ ಮಾಳಿಗೆಯಲ್ಲಿ ಕನಕರಾಯ ಕಂಪ್ಯೂಟರ್ ಸೆಂಟರ್ ತೆಗೆದ ಹೊಸತು. ಧೂಳಿಗೆ ಯಂತ್ರ ಕೆಡುತ್ತದೆಂದು ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲೇ ಬಿಡಬೇಕು. ಗುಡಿಗಿಂತ ಮಡಿ ಹೆಚ್ಚು. ಸೇರಿದವರು ಮೊದಲ ದಿನವೇ ತಮ್ಮ ವಿವರವನ್ನು ತಾವೇ ಕಂಪ್ಯೂಟರಿಗೆ ತುಂಬಬೇಕು, ಅದೇ ಮೊದಲ ಪಾಠ. ಕೋರ್ಸು ಮುಗಿಯುವಾಗ ಅಂಥದೇ ಒಂದು ಫಾರ್ಮನ್ನು ತಾವೇ ಕಟ್ಟಿ, ಅದರಿಂದ ತಮ್ಮ ಸರ್ಟಿಫಿಕೇಟನ್ನು ತಾವೇ ಪ್ರಿಂಟ್ ಹೊಡೆದು ಮಾಲಕನ ಸಹಿ ಪಡೆಯಬೇಕು. ಇದು ಕನಕರಾಯ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಹೆಚ್ಚುಗಾರಿಕೆ.

“ಯಾರದರ ಒಂದು ಹೆಸರು ಹಾಕವ್ವ, ಮುಂದಕ್ಕ ಹೋಗಲಿ,” ಎಂದ ಕಲಿಸುವ ವೆಂಕೋಬ ಸರ್. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ.

ಯಾರದಾದರೂ ಹೆಸರು ಹಾಕಿ ಹಾಕಿಯೇ ಅವಳು ಇಲ್ಲಿಯತನಕ ಬಂದಿದ್ದಳು. ಅವಳ ಅವ್ವ ತಿಮ್ಮವ್ವ ಜವಳಗೇರಾದ ಬಸವಿ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಹಿರಿಯ ಮಗಳಿಗೆ ಮುತ್ತು ಕಟ್ಟಿ ದೇವರಿಗೆ ಬಿಟ್ಟು, ಇವಳೇ ನಮ್ಮ ಗಂಡುಮಗ ಎಂದು ಮನೆಯಲ್ಲೇ ಇಟ್ಟುಕೊಳ್ಳುವ ರೂಢಿ. ಮದುವೆಯಿಲ್ಲ, ಮಕ್ಕಳಾದರೆ ಅವಕ್ಕೆ ಅಪ್ಪನಿಲ್ಲ. ದೇವರಿಗೆ ಬಿಟ್ಟವಳು ಎಂಬ ಮಾತು ಕೇಳಲು ಚೆಂದ. ಆ ದೇವರು ಒಂದು ದಿನವೂ ಬಂದು ಅವರ ಮನೆಯ ಒಲೆ ಊದಲಿಲ್ಲ. ಗ್ಯಾನಮ್ಮನನ್ನು ಶಾಲೆಗೆ ಹಚ್ಚಿದಾಗ ಹೆಡ್‌ಮಾಸ್ತರು ಕೇಳಿದ್ದೂ ಇದೇ ಖಾನೆ. ಅವತ್ತು ಅವ್ವನ ಚಿಕ್ಕಪ್ಪನ ಮಗ ಬಾಲಪ್ಪ ಮುಂದೆ ಬಂದು, “ನನ್ನ ಹೆಸರು ಬರಕೋರಿ” ಎಂದು ದೊಡ್ಡಸ್ತಿಕೆ ತೋರಿಸಿದ್ದ. ಆಮೇಲೆ ಪ್ರತಿ ನಾಟಿಗೂ ತಾಯಿ ಮಗಳು ಮೊದಲು ಬಾಲಪ್ಪನ ಗದ್ದೆ ನೆಟ್ಟುಕೊಡಬೇಕು, ಕೂಲಿಯ ಮಾತೇ ಇಲ್ಲ. ಕೂಲಿ ಎಂದು ಬಾಯಿ ಬಿಟ್ಟರೆ, “ನಿನ್ನ ಮಗಳಿಗೆ ಹೆಸರು ಕೊಟ್ಟೀನಿ” ಎಂಬ ಜವಾಬು ಸಿದ್ಧ. ಅವನು ಕೊಟ್ಟ ಹೆಸರಿಗೆ ಅವರು ಬಾಡಿಗೆ ಕಟ್ಟುತ್ತಿದ್ದರು.

ಇಷ್ಟು ಮಂದಿಯ ಕಣ್ಣು ತನ್ನ ಬೆನ್ನ ಮೇಲಿರುವಾಗ ಗ್ಯಾನಮ್ಮನಿಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: ತಿಮ್ಮವ್ವ. ಎಂಟರ್ ಹೊಡೆದಳು. ಯಂತ್ರ ಕುಂಯ್ ಎನ್ನಲಿಲ್ಲ. ಗೆರೆ ಸುಮ್ಮನೆ ಮುಂದಿನ ಖಾನೆಗೆ ಇಳಿಯಿತು. ಅದಕ್ಕೆ ಖಾನೆ ತುಂಬಿದ್ದರೆ ಸಾಕಾಗಿತ್ತು, ಗಂಡಸೇ ಬೇಕೆಂದು ಅದು ಹಟ ಹಿಡಿದಿರಲಿಲ್ಲ. ಆ ಹಟ ಹಿಡಿಯುವವರು ಬೇರೆ ಇದ್ದರು.

ಕನಕರಾಯ ಹುಡುಗರ ಯಾದಿ ಪ್ರಿಂಟ್ ತೆಗೆಸಿ ನೋಡಿದಾಗ ಹುಬ್ಬು ಗಂಟಿಕ್ಕಿದ. “ತಂದಿ ಜಾಗದಾಗ ಹೆಣ್ಣಿನ ಹೆಸರು ಕುಂತೈತಲ್ಲ ಸರ್. ನಾಳೆ ಲಿಂಗಸುಗೂರಿನಾಗ ಇನ್ನೊಂದು ಸೆಂಟರ್ ತೆಗೀಬೇಕಂತ ಮಾಡೀನಿ. ಮಂದಿ ನಗಬೇಕೇನು?”

ಮರುದಿನ ಗ್ಯಾನಮ್ಮನ ವಿವರ ಯಾದಿಯಲ್ಲಿರಲಿಲ್ಲ. ಮತ್ತೆ ತುಂಬಲು ಕೂತಳು. ಈ ಸಲ ತಿಮ್ಮವ್ವ ಎಂದು ಹೊಡೆದ ಕೂಡಲೇ ಕುಂಯ್. ಇದು ತಂದೆಯ ಹೆಸರಲ್ಲ ಎಂಬ ಹೊಸ ಸಾಲು ಬಂತು. ಹೆಸರಿನ ಕೊನೆಯಲ್ಲಿ ‘ವ್ವ’ ಇಲ್ಲವೇ ‘ಮ್ಮ’ ಬಂದರೆ ಒಪ್ಪಬೇಡ ಎಂದು ಸರ್ ಕಂಪ್ಯೂಟರಿಗೆ ಹೇಳಿಕೊಟ್ಟಿದ್ದ. ಒಬ್ಬ ನಾಟಿ ಹಚ್ಚುವ ಹೆಂಗಸನ್ನು ಹೊರಗಿಡಲು ಇಷ್ಟು ಓದಿದ ಮನುಷ್ಯ ಕೂತು ಕಾಯಿದೆ ಬರೆದಿದ್ದ.

ಅಳುತ್ತಾಳೆ ಇಲ್ಲವೇ ಎದ್ದು ಹೋಗುತ್ತಾಳೆ ಎಂದು ಸರ್ ಎಣಿಸಿದ್ದ. ಅವಳು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

“ಸರ್, ನಮ್ಮವ್ವನ್ನ ತಡೆಯೋ ಸಾಲು ಹೆಂಗ ಬರದ್ರಿ? ನನಗ ಅದನ್ನ ಮೊದಲು ಕಲಿಸ್ರಿ.”

ವೆಂಕೋಬ ಸರ್ ಮುಖ ಆಚೆ ತಿರುಗಿಸಿದ. ಆದರೆ ಕಲಿಸಿದ. ಬಹುಶಃ ತಪ್ಪು ಮಾಡಿದವನ ಮುತುವರ್ಜಿಯಿಂದಲೇ ಚೆನ್ನಾಗಿ ಕಲಿಸಿದ.

ಜವಳಗೇರಾದ ಬಸ್ಸಿನಲ್ಲಿ ನಿಂತು ಬಂದು, ಕರೆಂಟು ಹೋದರೆ ಬರುವ ತನಕ ಕಾದು ಅವಳು ಕಲಿತಳು. ಮಾಹಿತಿಯೆಂದರೆ ಅಡ್ಡ ಸಾಲು, ಉದ್ದ ಖಾನೆ. ಒಂದು ಸಾಲಿಗೆ ಒಬ್ಬ ಮನುಷ್ಯ. ಯಾವ ಖಾನೆ ಎಷ್ಟು ಅಗಲ, ಯಾವುದರಲ್ಲಿ ಅಂಕಿ, ಯಾವುದರಲ್ಲಿ ಅಕ್ಷರ ಎಂದು ಮೊದಲೇ ಗೊತ್ತು ಮಾಡಬೇಕು. ಮೊದಮೊದಲು ಹೆಸರಿನ ಖಾನೆಯನ್ನು ಚಿಕ್ಕದು ಮಾಡಿ, ಎಲ್ಲರ ಹೆಸರೂ ಅರ್ಧಕ್ಕೆ ತುಂಡಾಗಿ, ಕೋಣೆ ನಕ್ಕಿತು. ಅವಳೂ ನಕ್ಕಳು. ಪರದೆಯ ಮೇಲೆ ಫಾರ್ಮ್ ಕಟ್ಟುವುದು ಅವಳಿಗೆ ಗದ್ದೆಯ ಬದು ಕಟ್ಟಿದಂತೆ ಕಂಡಿತು. ನೀರು ಎಲ್ಲಿ ನಿಲ್ಲಬೇಕು, ಎಲ್ಲಿ ಹರಿಯಬೇಕು ಎಂದು ಕಟ್ಟುವವರೇ ಗೊತ್ತು ಮಾಡುತ್ತಾರೆ. ಇಷ್ಟು ದಿನ ಬೇರೆಯವರು ಕಟ್ಟಿದ ಬದುವಿಗೆ ತಲೆ ಚಚ್ಚಿಕೊಂಡಿದ್ದಾಯಿತು ಎಂದುಕೊಂಡಳು.

ಇನ್ನೊಂದು ಸಂಗತಿಯೂ ತಿಳಿಯಿತು. ಅಳಿಸಿದ ಸಾಲು ಕೂಡಲೇ ಹೋಗುವುದಿಲ್ಲ, ಅಳಿಸಿದ್ದೆಂಬ ಗುರುತು ಹೊತ್ತು ಅಲ್ಲೇ ಇರುತ್ತದೆ. ಪ್ಯಾಕ್ ಎಂಬ ಅಪ್ಪಣೆ ಕೊಟ್ಟ ಮೇಲೆಯೇ ಅದು ನಿಜವಾಗಿ ಹೋಗುವುದು. ಹುಡುಕಿದಳು. ಅವಳ ಮೊದಲ ದಿನದ ಸಾಲು ಅಲ್ಲೇ ಇತ್ತು. ಸರ್ ಪ್ಯಾಕ್ ಮಾಡಲು ಮರೆತಿದ್ದನೋ, ಬೇಕೆಂದೇ ಬಿಟ್ಟಿದ್ದನೋ, ಅವಳು ಕೇಳಲಿಲ್ಲ.

ಅಷ್ಟರಲ್ಲಿ ಮಸ್ಕಿಯ ಹತ್ತಿ ಮಿಲ್ಲಿನಲ್ಲಿ ಕಂಪ್ಯೂಟರಿಗೆ ಮಾಹಿತಿ ತುಂಬುವವರು ಬೇಕೆಂಬ ಸುದ್ದಿ ಬಂತು. ಹೋಗಿ ಕೇಳಿದಳು. ಸೋಮವಾರ ಸರ್ಟಿಫಿಕೇಟ್ ತೆಗೆದುಕೊಂಡು ಬಾ, ಕೆಲಸ ಹಿಡಿ ಎಂದರು.

“ಬಾಲಪ್ಪನ ಹೆಸರು ಹಾಕಿಬಿಡು ಬೇ,” ಎಂದಳು ತಿಮ್ಮವ್ವ, ರೊಟ್ಟಿ ಬಡಿಯುತ್ತ. “ಕೈಗೆ ಬಂದ ನೌಕರಿ. ಹೆಸರು ಹಾಕಿದ್ರ ಏನು ಸವೀತೈತಿ?”

“ನಾವು ಸವೀತೀವಿ ಯವ್ವ. ಅವನ ಗದ್ದಿಯಾಗ ವರ್ಷಾ ವರ್ಷಾ ಸವಿಯಾಕತ್ತೀವಿ. ನಿನಗ ಗಂಡುಮಗ ಅಂತ ಮುತ್ತು ಕಟ್ಟಿದ್ರು. ದುಡಿಯಾಕ ಗಂಡುಮಗ, ಹೆಸರು ಬರಿಯಾಕ ಬಂದ್ರ ಹೆಂಗಸು. ಇದ್ಯಾವ ನ್ಯಾಯ?”

ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿತು.

ಶುಕ್ರವಾರ ಗ್ಯಾನಮ್ಮ ತನ್ನ ಫಾರ್ಮನ್ನು ತೋರಿಸಿದಳು. ಅದರಲ್ಲಿ ತಾಯಿಯ ಹೆಸರು ಖಾಲಿ ಬಿಡುವಂತಿಲ್ಲ, ತಂದೆಯ ಹೆಸರು ಇದ್ದರೆ ಹಾಕಬಹುದು, ಇಲ್ಲದಿದ್ದರೆ ಗೆರೆ ತಾನೇ ಮುಂದಕ್ಕೆ ಹೋಗುತ್ತದೆ. ಪರೀಕ್ಷೆ ಮಾಡಲು ಕನಕರಾಯನೇ ಕೂತ. ತನ್ನ ಹೆಸರು ಹೊಡೆದ. ತಾಯಿಯ ಹೆಸರು ಬಿಟ್ಟು ಮುಂದೆ ಹೋಗಲು ನೋಡಿದ. ಕುಂಯ್. ಮತ್ತೆ ಕುಂಯ್.

“ನಮ್ಮವ್ವನ ಹೆಸರು ನಾಕು ಮಂದಿ ಮುಂದ ನಾ ಯಾಕ ಹೇಳಬೇಕು?”

“ನನಗೂ ನಾಕು ಮಂದಿ ಮುಂದನ ಕೇಳಿದ್ರಿ,” ಎಂದಳು ಗ್ಯಾನಮ್ಮ.

ಕನಕರಾಯ ಎದ್ದುಬಿಟ್ಟ. ಅವಳು ಅದೇ ಕುರ್ಚಿಯಲ್ಲಿ ಕೂತು ತನ್ನ ವಿವರ ತುಂಬಿ ಪ್ರಿಂಟ್ ಹೊಡೆದಳು. ಕಿರ್ರೆಂದು ಹಾಳೆ ಹೊರಗೆ ಬಂತು: ಗ್ಯಾನಮ್ಮ, ತಿಮ್ಮವ್ವನ ಮಗಳು. ಮೇಜಿನ ಮೇಲೆ ಇಟ್ಟಳು.

“ಶಾಲಿ ಕಾಗದದಾಗ ಬಾಲಪ್ಪ ಅಂತ ಐತಿ,” ಎಂದ ಕನಕರಾಯ.

“ಅದು ಸುಳ್ಳು ರೀ. ಒಂದು ಸುಳ್ಳು ಸಾಕು.”

“ಹಂಗಾದ್ರ ಖರೇ ತಂದಿನ ಕರಕೊಂಡು ಬಾ. ನನ್ನ ಎದುರಿಗೆ ನಿಂದರಸು, ಸಹಿ ಹಾಕ್ತೀನಿ.” ಹೇಳಿ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. ಹೊಸದಾಗಿ ಮಕ್ಕಳನ್ನು ಸೇರಿಸಲು ಬಂದವರು ಬೆಂಚಿನ ಮೇಲೆ ಕೂತು ನೋಡುತ್ತಿದ್ದರು.

ತಿಮ್ಮವ್ವ ಸಂತೆಗೆ ಬಂದವಳು ಕೆಳಗೆ ಮೆಟ್ಟಿಲ ಹತ್ತಿರ ಮಗಳಿಗೆ ಕಾಯುತ್ತಿದ್ದಳು. ಕಾಲಿಗೆ ಗದ್ದೆಯ ಕೆಸರು ಎಂದು ಮೇಲೆ ಹತ್ತಿರಲಿಲ್ಲ. ಗ್ಯಾನಮ್ಮ ಬಾಗಿಲಿಗೆ ಹೋಗಿ ಕೂಗಿದಳು, “ಯವ್ವ, ಮ್ಯಾಲ ಬಾ. ತಂದಿನ ಕರಿಯಾಕತ್ತಾರ.”

ತಿಮ್ಮವ್ವ ಹತ್ತಿ ಬಂದಳು. ಸಾಹುಕಾರರ ಎದುರು ತಲೆ ಎತ್ತಿ ಮಾತಾಡಿದವಳಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಮುಂದೆ ನಿಂತಳು.

“ಈಕಿ ಯಾರು?” ಎಂದ ಕನಕರಾಯ.

ಗ್ಯಾನಮ್ಮ ಬಾಯಿ ತೆರೆಯುವಷ್ಟರಲ್ಲಿ ಅವ್ವನೇ ಹೇಳಿದಳು. “ನೀವು ಕರದವರು ನಾನ ರೀ. ನಮ್ಮಪ್ಪ ಸತ್ತಾಗ ಹೆಗಲು ಕೊಟ್ಟಾಕಿ ನಾನ, ಮಣ್ಣು ಕೊಟ್ಟಾಕಿ ನಾನ. ಊರಾನ ಹಿರಿಯರೆಲ್ಲ ನಿಂತಿದ್ರು. ನೀ ಹೆಣ್ಣು, ಹಿಂದಕ ಸರಿ ಅಂತ ಅವತ್ತು ಒಬ್ರೂ ಅನ್ನಲಿಲ್ಲ. ಇವತ್ತು ಒಂದು ಹಾಳಿ ಮ್ಯಾಲ ನಿಂದ್ರಾಕ ಬಂದ್ರ ನಾ ಹೆಣ್ಣಾದ್ನೇನು?”

ಬೆಂಚಿನ ಮೇಲಿದ್ದ ಒಬ್ಬ ಮುದುಕ, “ಖರೇ ಐತಿ ನೋಡ್ರಿ ಸಾಹುಕಾರ್ರ” ಎಂದ. ವೆಂಕೋಬ ಸರ್ ತನ್ನ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಮಾಲಕನ ಮುಂದೆ ಹಿಡಿದ. ಕನಕರಾಯ ಬೆಂಚಿನ ಕಡೆ ನೋಡಿದ, ಪೆನ್ನಿನ ಕಡೆ ನೋಡಿದ. ಗಿರಾಕಿಗಳ ಎದುರು ಮಾತು ಬೆಳೆಸಿ ಪ್ರಯೋಜನವಿಲ್ಲವೆಂದು ಗೀಚಿ ಸಹಿ ಹಾಕಿದ.

ತಿಮ್ಮವ್ವ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಅವಳಿಗೆ ಓದು ಬಾರದು. “ಇದರಾಗ ನಾ ಎಲ್ಲದೀನಿ?” ಎಂದು ಮಗಳನ್ನು ಕೇಳಿದಳು. ಗ್ಯಾನಮ್ಮ ಬೆರಳಿಟ್ಟು ತೋರಿಸಿದಳು. ತಿಮ್ಮವ್ವ ಹಾಳೆಯನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಕನಕರಾಯನ ಮುಂದೆ ವಾಪಸು ಇಟ್ಟಳು.

“ಇಷ್ಟ ಸಣ್ಣಗ ಯಾಕ ಬರದೀರಿ? ದೊಡ್ಡದು ಮಾಡಿ ಇನ್ನೊಂದು ಕೊಡ್ರಿ.”