ಹಡಗಿಗೆ ಹೊರಟ ದಂಟು

ಮುಸುಕಿನ ಜೋಳದ ಕೊಯ್ಲು ಮುಗಿದ ಮೇಲೆ ಓಬಳರಾಜುವಿನ ಹೊಲದಲ್ಲಿ ಕುರಿಗಾರ ಯತ್ತಪ್ಪ ಮಂದೆ ಹಾಕಿ ರಾತ್ರಿ ಕುರಿ ತಂಗಿಸುವುದು ಅಪ್ಪನ ಕಾಲದಿಂದ ನಡೆದು ಬಂದದ್ದು. ಕುರಿಗಳಿಗೆ ಉಳಿದ ದಂಟು, ಹೊಲಕ್ಕೆ ಹಿಕ್ಕೆ ಗೊಬ್ಬರ. ಈ ಸಲ ರಾಯಚರ್ಲು ಕಡೆಯ ಸೋಲಾರ್ ಪಾರ್ಕಿನ ಬೇಲಿಗಳನ್ನು ಸುತ್ತಿ ಬಳಸಿ, ಹಸಿದ ಕುರಿಗಳನ್ನು ಹೊಡೆದುಕೊಂಡು ಬಂದರೆ ಹೊಲ ತಲೆ ಬೋಳಿಸಿದಂತಿತ್ತು. ದಂಟೆಲ್ಲ ಕಟ್ಟುಗಳಾಗಿ ಲಾರಿ ಏರುತ್ತಿತ್ತು.

“ಎಲ್ಲಿಗ್ಲಾ ಓಬಳ, ನನ್ನ ಕುರಿ ಮೇವು?”

“ಫ್ಯಾಕ್ಟ್ರಿಗೆ ಕಣಣ್ಣ. ಅಲ್ಲಿ ದಂಟಿಂದ ಹಡಗು ಓಡ್ಸೋ ಎಣ್ಣೆ ಮಾಡ್ತಾರಂತೆ. ಕಂಟೇನರ್ ಹೊರೋ ದೊಡ್ಡ ಹಡಗು ಹೊಗೆ ಬುಡೋದು ಕಮ್ಮಿ ಆಯ್ತದಂತೆ.”

“ಹಡಗು ನೋಡಿದ್ದೀಯೇನ್ಲಾ ನೀನು?”

“ನಾನೆಲ್ಲಿ ನೋಡ್ಲಿ? ನೀನು ಮಂದೆ ಹಾಕು, ಬ್ಯಾಡ ಅಂದೋರ್ಯಾರು? ನಂಗೆ ಗೊಬ್ಬರ ಬೇಕೇ ಬೇಕು.”

“ಮೇವಿಲ್ದೆ ಹಿಕ್ಕೆ ಎಲ್ಲಿಂದ ಉದುರ್ತದೆ? ಆ ಹಡಗನ್ನೇ ಕರ್ಕೊಂಡ್ಬಂದು ಹೊಲ್ದಾಗೆ ಮಲಗಿಸ್ಕೋ, ಅದೇ ಹಾಕ್ಲಿ ಗೊಬ್ಬರ!”

ಲಾರಿಯವರು ನಕ್ಕರು. ಯತ್ತಪ್ಪನಿಗೆ ನಗು ಬರಲಿಲ್ಲ. ಬೇರೆ ಹೊಲಕ್ಕೆ ಹೋಗೋಣವೆಂದು ಕೋಲೆತ್ತಿದ. ಆದರೆ ಕುರಿಗಳು ಪ್ರತಿವರ್ಷದ ಜಾಗ ಗುರುತಿಸಿ ಆಗಲೇ ಮಲಗಿಬಿಟ್ಟಿದ್ದವು. ಅವನ ಕಾಲುಗಳೂ ಸೋತಿದ್ದವು.

ಓಬಳರಾಜುವಿನ ಹೆಂಡತಿ ಶಿವಲಕ್ಷ್ಮಿ ಅದನ್ನು ನೋಡಿ ಲಾರಿಯವರಿಗೆ ಕೂಗಿದಳು: “ನಾಕು ಕಟ್ಟು ಕೆಳಗಾಕ್ರಪ್ಪ. ಹಡಗು ಒಂದಿನ ಹೊಗೆ ಬುಡ್ಲಿ ಬುಡಿ.”

ಕಟ್ಟುಗಳು ಬಿದ್ದವು. ಒಂದೊಂದಕ್ಕೂ ಪ್ಲಾಸ್ಟಿಕ್ ದಾರ ಬಿಗಿದಿತ್ತು; ಕುರಿ ನುಂಗಿದರೆ ಹೊಟ್ಟೆಯುಬ್ಬಿ ಸಾಯುತ್ತದೆ. ಇವತ್ತಿಗಾಯ್ತು, ನಾಳೆ ಯಾವ ಹೊಲವೋ ಎಂದು ಗೊಣಗುತ್ತ ಯತ್ತಪ್ಪ ನೆಲದ ಮೇಲೆ ಕುಳಿತ. ಎದ್ದು ಬಂದು ಮುತ್ತಿದ ಕುರಿಗಳನ್ನು ಮೊಣಕೈಯಿಂದ ತಳ್ಳುತ್ತ ದಾರದ ಗಂಟು ಬಿಡಿಸತೊಡಗಿದ.